ನೀಸ್ಟ್ರಮ್ ಬಿಟ್ಟು ಹೋದ್ಮೇಲೆ ಕಟಟೋನಿಯಾ ಕೇಳ್ಬಹುದಾ?

ನೀವು ಕೇಳಿದ್ದು ಇಷ್ಟು: ಕಟಟೋನಿಯಾ ಅನ್ನೋ ಸ್ವೀಡನ್ ಮೆಟಲ್ ಬ್ಯಾಂಡಿನ ಹೊಸ ಆಲ್ಬಂ ಹೇಗಿದೆ, ಶುರುವಿಂದ ಇದ್ದ ಗಿಟಾರಿಸ್ಟ್ ನೀಸ್ಟ್ರಮ್ಮೇ ಬಿಟ್ಟು ಹೋದ್ಮೇಲೆ ಅದನ್ನ ಕಟಟೋನಿಯಾ ಅನ್ಬಹುದಾ, ಹಳೇದೊಂದೂ ಕೇಳಿಲ್ದೆ ಇರೋರು ಇಲ್ಲಿಂದಾನೇ ಶುರು ಮಾಡಿದ್ರೆ ನಡಿಯತ್ತಾ, ಮತ್ತೆ ಬರೀ ದುಃಖದ ಹಾಡನ್ನ ಜನ ಯಾಕಾದ್ರೂ ಕೇಳ್ತಾರೆ ಅಂತ. ಕೊನೇದು ನೀವು ಮಾತಿಗೆ ಮಾತು ಸೇರಿಸಿ ಕೇಳಿದ್ರೋ ಏನೋ, ನಂಗೆ ಅದೇ ದೊಡ್ಡ ಪ್ರಶ್ನೆ ಅನ್ಸ್ತು, ಅದಕ್ಕೆ ಸ್ವಲ್ಪ ಉದ್ದ ಆಗತ್ತೆ.

ಆಲ್ಬಂ ಹೆಸ್ರು ನೈಟ್‌ಮೇರ್ಸ್ ಆಸ್ ಎಕ್ಸ್‌ಟೆನ್ಶನ್ಸ್ ಆಫ್ ದ ವೇಕಿಂಗ್ ಸ್ಟೇಟ್. ಎಚ್ಚರ ಇರುವಾಗ ಏನಿತ್ತೋ ಅದೇ ರಾತ್ರಿಗೂ ಮುಂದುವರ್ದು ಕೆಟ್ಟ ಕನಸಾಗೋದು, ಆ ಅರ್ಥ. 2025ರ ಜೂನ್ 6ಕ್ಕೆ ಬಂತು, ಒಟ್ಟು ಹತ್ತು ಹಾಡು, ಮುಕ್ಕಾಲು ಗಂಟೆಯಷ್ಟು. ಚೆನ್ನಾಗಿದ್ಯಾ ಅಂದ್ರೆ ಚೆನ್ನಾಗಿದೆ. ಅವರ ಬೆಸ್ಟ್ ಆಲ್ಬಮ್ಮಾ ಅಂದ್ರೆ ಅಲ್ಲ. ಆದ್ರೆ ಇದ್ರಲ್ಲಿರೋ ಎರಡು ಹಾಡು, ಲೈಲಾಕ್ ಮತ್ತೆ ಎಫ್ಟೆರ್ ಸೂಲೆನ್, ಬಂದಾಗಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ.

ನಾನು ಇವರ ಹತ್ರ ಬಂದಿದ್ದು ಓಪೆತ್ ಅನ್ನೋ ಇನ್ನೊಂದು ಸ್ವೀಡನ್ ಮೆಟಲ್ ಬ್ಯಾಂಡಿನ ದಾರೀಲಿ. 2012ರ ಫೆಬ್ರವರಿಲಿ ಓಪೆತ್ ಬೆಂಗಳೂರಿಗೆ ಬಂದಿದ್ರಲ್ಲ, ಪ್ಯಾಲೇಸ್ ಗ್ರೌಂಡ್ಸಲ್ಲಿ, ಆ ಶೋಗೆ ಮೈಸೂರಿಂದ ನಾವು ನಾಲ್ಕು ಜನ ಬಸ್ಸಲ್ಲಿ ಹೋಗಿದ್ವಿ, ವಾಪಸ್ ಬರ್ತಾ ಗೆಳೆಯ ಒಬ್ಬ ಹೇಳ್ದ, ಈ ಓಪೆತ್ ಸಿಂಗರ್ ಓಕರ್ಫೆಲ್ಟ್ ಇದಾರಲ್ಲ ಇವರು 1996ರಲ್ಲಿ ಇನ್ನೊಂದು ಬ್ಯಾಂಡಿಗೆ ಗ್ರೋಲ್, ಅಂದ್ರೆ ಗಂಟಲಿಂದ ಗುರುಗುಟ್ಟೋ ಹಾಡು, ಹಾಡಿಕೊಟ್ಟಿದಾರೆ ಕಣೋ, ಆ ಬ್ಯಾಂಡಿನ ಸಿಂಗರ್‌ಗೆ ಗಂಟಲು ಕೈಕೊಟ್ಟಿತ್ತು ಅಂತ. ಮಾರನೇ ದಿನ ಪೆನ್‌ಡ್ರೈವಲ್ಲಿ ತಂದು ಕೊಟ್ಟ. ಆ ಆಲ್ಬಂ ಬ್ರೇವ್ ಮರ್ಡರ್ ಡೇ. ಆ ಸಿಂಗರ್ ಯೋನಾಸ್ ರೆಂಕ್ಸೆ.

ಇಡೀ ಕಥೆ ಇರೋದೇ ಆ ಗಂಟಲಲ್ಲಿ ನೋಡಿ. 1991ರಲ್ಲಿ ಸ್ಟಾಕ್‌ಹೋಮಲ್ಲಿ ರೆಂಕ್ಸೆ ಮತ್ತೆ ಆಂಡರ್ಸ್ ನೀಸ್ಟ್ರಮ್ ಇಬ್ರು ಸೇರಿ ಬ್ಯಾಂಡ್ ಶುರು ಮಾಡಿದ್ರು, ಆಗ ರೆಂಕ್ಸೆ ಡ್ರಮ್ಸೂ ಬಾರಿಸ್ತಾ ಇದ್ರು, ಕಿರುಚೋದೂ ಅವರೇ. ಕಿರುಚೋಕೆ ಆಗ್ದೆ ಹೋದಾಗ ಓಕರ್ಫೆಲ್ಟ್ ಬಂದು ಒಂದು ಆಲ್ಬಂ ಹಾಡಿಕೊಟ್ರು. ಆಮೇಲೆ 1998ರ ಡಿಸ್ಕರೇಜ್ಡ್ ಒನ್ಸಲ್ಲಿ ರೆಂಕ್ಸೆ ಸೀದಾ ಮಾಮೂಲಿ ಧ್ವನೀಲಿ ಹಾಡೋಕೆ ಶುರು ಮಾಡಿದ್ರು. ಎಷ್ಟೋ ಬ್ಯಾಂಡು ಅಲ್ಲೇ ಮುಗ್ದು ಹೋಗ್ತಿತ್ತು, ಇವರಿಗೆ ಅಲ್ಲಿಂದಾನೇ ಅವರ ಸ್ವಂತ ದಾರಿ ಸಿಕ್ತು.

ಆ ಧ್ವನಿ ಹೇಗಿದೆ ಅಂತ ಹೇಳ್ಬೇಕು ಅಂದ್ರೆ ನಂಗೆ ನೆನಪಾಗೋದು ನಮ್ಮಜ್ಜಿ. ನಮ್ಮ ಕಡೆ ಮದುವೇಲಿ ಹೆಣ್ಣು ಒಪ್ಪಿಸೋ ಹಾಡು ಅಂತ ಹೇಳ್ತಾರೆ, ನಿಮಗೂ ಗೊತ್ತಿರತ್ತೆ, ಹುಡುಗೀನ ಗಂಡಿನ ಕಡೆಯೋರ ಕೈಗೆ ಕೊಡೋ ಹೊತ್ತಲ್ಲಿ ಹೇಳೋದು. ಅಜ್ಜಿ ಅದನ್ನ ಹೇಳುವಾಗ ಒಂದು ಚೂರೂ ಅಳ್ತಿರ್ಲಿಲ್ಲ. ಧ್ವನಿ ಏರ್ತಾನೂ ಇರ್ಲಿಲ್ಲ ನಡುಗ್ತಾನೂ ಇರ್ಲಿಲ್ಲ, ಅಕ್ಕಿ ಆರಿಸ್ತಾ ಕೂತಿರೋ ಹಾಗೆ ಒಂದೇ ಸಮ, ಸುತ್ತ ನಿಂತೋರೆಲ್ಲ ಸೆರಗು ಕಣ್ಣಿಗೆ ಒತ್ಕೊಳ್ತಾ ಇದ್ರು. ಹಾಡೋರು ಅತ್ತುಬಿಟ್ರೆ ಕೇಳೋರಿಗೆ ಅಳೋಕೆ ಜಾಗ ಇರಲ್ಲ ಅನ್ಸತ್ತೆ. ರೆಂಕ್ಸೆ ಹಾಡೋದೂ ಹಂಗೇ ಕಣ್ರೀ. ಕೂದಲು ಮುಖದ ಮೇಲೆ ಬಿಟ್ಕೊಂಡು, ಮೈಕ್ ಮುಂದೆ ಹೆಚ್ಚು ಅಲ್ಲಾಡದೆ ನಿಂತು, ಯಾರಿಗೋ ಫೋನಲ್ಲಿ ನಿಧಾನಕ್ಕೆ ವಿಷಯ ತಿಳಿಸ್ತಿರೋ ಹಾಗೆ ಹಾಡ್ತಾರೆ, ಹಿಂದೆ ಗಿಟಾರು ಗುಡುಗ್ತಾ ಇರತ್ತೆ. ಗುಡುಗೋ ಕೆಲಸ ಗಿಟಾರಿಗೆ ಬಿಟ್ಟಿದಾರೆ. ಬೇರೆ ಮೆಟಲ್ ಬ್ಯಾಂಡಲ್ಲಿ ಎರಡೂ ಗುಡುಗತ್ತೆ, ಇಲ್ಲಿ ಒಂದೇ, ಆ ವ್ಯತ್ಯಾಸಕ್ಕೇನೇ ನಾನು ಬಿದ್ದು ಹೋಗಿದ್ದು.

ಇನ್ನು ನೀಸ್ಟ್ರಮ್ ವಿಷಯ. 2025ರ ಮಾರ್ಚಲ್ಲಿ ಅವರು ಬ್ಯಾಂಡಿಂದ ಹೊರಗೆ ಹೋಗ್ತಿರೋದು ಗೊತ್ತಾಯ್ತು, 34 ವರ್ಷ ಆದ್ಮೇಲೆ. ರೋಜರ್ ಓಯೆರ್ಸನ್ ಅನ್ನೋ ಇನ್ನೊಬ್ಬ ಗಿಟಾರಿಸ್ಟೂ ಬ್ಯಾಂಡಲ್ಲಿ ಇಲ್ಲ ಈಗ. ಅವರ ಜಾಗಕ್ಕೆ ನಿಕೊ ಎಲ್ಗ್‌ಸ್ಟ್ರಾಂಡ್, ಸೆಬಾಸ್ಟಿಯನ್ ಸ್ವಾಲಾಂಡ್ ಬಂದಿದಾರೆ. ಬಾಸ್ ನಿಕ್ಲಾಸ್ ಸಾಂಡಿನ್, ಡ್ರಮ್ಸ್ ದಾನಿಯೆಲ್ ಮೊಯ್ಲನೆನ್, ಇವರಿಬ್ರು ಮುಂಚೆ ಇದ್ದೋರೇ. ಸುದ್ದಿ ಓದಿದ ದಿನ ನಂಗೆ ನಿಜವಾಗ್ಲೂ ಬೇಜಾರಾಯ್ತು, ಮನೇಲಿ ಗಂಡ ಹೆಂಡ್ತಿ ಬೇರೆ ಆದ್ರು ಅಂತ ಕೇಳಿದ ಹಾಗೆ, ಎರಡು ದಿನ ಅವರ ಹಾಡೇ ಹಾಕ್ಲಿಲ್ಲ. ಆದ್ರೆ ಒಂದು ಮಾತು ಹೇಳ್ಲೇಬೇಕು, 2020ರ ಸಿಟಿ ಬರಿಯಲ್ಸ್, 2023ರ ಸ್ಕೈ ವಾಯ್ಡ್ ಆಫ್ ಸ್ಟಾರ್ಸ್ ಇವೆರಡನ್ನೂ ಹೆಚ್ಚು ಕಮ್ಮಿ ಪೂರ್ತಿ ಬರ್ದಿದ್ದು ರೆಂಕ್ಸೆನೇ. ಅಂದ್ರೆ ಹೊಸ ಆಲ್ಬಂ ದಿಢೀರಂತ ಬೇರೆ ಯಾರೋ ಬರ್ದಿದ್ದಲ್ಲ, ಐದು ವರ್ಷದಿಂದ ಹೋಗ್ತಿದ್ದ ದಾರೀನೇ. ಕಟಟೋನಿಯಾನಾ ಅಂತ ಕೇಳಿದ್ರೆ ಹೌದು, ಕಟಟೋನಿಯಾನೇ.

ಹಂಗಂತ ಏನೂ ಕಮ್ಮಿ ಆಗಿಲ್ಲ ಅಂದ್ರೆ ಸುಳ್ಳಾಗತ್ತೆ. ನೀಸ್ಟ್ರಮ್ ಕೈಲಿ ಒಂದಿತ್ತು: ಕೆಳಗೆ ರಿಫ್, ಅಂದ್ರೆ ಹಾಡಿಗೆ ಬೆನ್ನೆಲುಬಾದ ಗಿಟಾರ್ ತುಣುಕು, ದಪ್ಪಕ್ಕೆ ಹೋಗ್ತಾ ಇರುವಾಗ ಮೇಲೆ ಒಂದು ಸಣ್ಣ ಎಳೆ ಹಾಗೆ ಲೀಡ್ ನುಡಿಸೋರು, ನಾಲ್ಕೈದು ಸ್ವರ ಅಷ್ಟೇ, ಬೆರಳಿನ ಚಮತ್ಕಾರ ಏನಿಲ್ಲ, ತಂಬೂರಿ ಶ್ರುತಿ ಹಿಡಿದ ಹಾಗೆ ತಿರುಗಿ ತಿರುಗಿ ಅದೇ ಬರ್ತಿತ್ತು, ಕೆಳಗಿನ ಕಾರ್ಡ್ ಬದಲಾದ ಹಾಗೆ ಅದೇ ಸ್ವರ ಬೇರೆ ತರ ಕೇಳ್ತಿತ್ತು. ಬ್ರೇವ್ ಮರ್ಡರ್ ಡೇ ಪೂರ್ತಿ ನಿಂತಿರೋದು ಅದರ ಮೇಲೆ. ಹೊಸ ಆಲ್ಬಮಲ್ಲಿ ಗಿಟಾರು ಚೊಕ್ಕವಾಗಿದೆ, ಸೋಲೋಗಳು ಹಿಂದಿಗಿಂತ ಚೆನ್ನಾಗಿವೆ ಅಂತಾನೂ ಹೇಳ್ಬಹುದು, ಆದ್ರೆ ಆ ಎಳೆ ಇಲ್ಲ. ಹಳಬರಿಗೆ ಅದು ಗೊತ್ತಾಗತ್ತೆ. ನಿಮಗೆ ಗೊತ್ತಾಗಲ್ಲ, ಒಂದು ರೀತಿ ಅದು ಒಳ್ಳೇದೇ.

ಹಾಡುಗಳಿಗೆ ಬರ್ತೀನಿ. ಮೊದಲ್ನೇದು ಥ್ರೈಸ್, ಪೀಠಿಕೆ ಗೀಠಿಕೆ ಇಲ್ದೆ ನೇರ ರಿಫ್‌ಗೆ ನುಗ್ಗತ್ತೆ, ತಾಳ ಸಲೀಸಾಗಿ ಕೈಗೆ ಸಿಗಲ್ಲ, ಎರಡನೇ ಸಲ ಕೇಳುವಾಗ ಮೊಯ್ಲನೆನ್ ಡ್ರಮ್ಸ್ ಮೇಲೆ ಮಾತ್ರ ಗಮನ ಇಡಿ, ಆಗ ಹಾಡು ಬಿಡಿಸ್ಕೊಳ್ಳತ್ತೆ. ವಿಂಡ್ ಆಫ್ ನೋ ಚೇಂಜಲ್ಲಿ ಚರ್ಚ್ ಗಾಯನದ ತರ ಒಂದು ಗುಂಪಿನ ಧ್ವನಿ ಇದೆ, ನಂಗೆ ಅಷ್ಟು ಹಿಡಿಸ್ಲಿಲ್ಲ, ರೆಂಕ್ಸೆ ಒಬ್ಬರೇ ಹಾಡಿದ್ರೆ ಸಾಕಿತ್ತು. ಟೆಂಪೊರಲ್ ಒಳ್ಳೇ ಹಾಡು, ಮೊದಲ ಸಲಕ್ಕೇ ಬಾಯಿಗೆ ಬರತ್ತೆ. ಡಿಪಾರ್ಚರ್ ಟ್ರೇಲ್ಸ್ ತುಂಬಾ ನಿಧಾನ, ರಾತ್ರಿ ಕೇಳೋ ಹಾಡು, ಬೆಳಿಗ್ಗೆ ಆಫೀಸಿಗೆ ಹೋಗುವಾಗ ಹಾಕಿದ್ರೆ ಏನೂ ಆಗ್ತಿಲ್ವಲ್ಲ ಅನ್ಸತ್ತೆ. ವಾರ್ಡನ್ ಪರವಾಗಿಲ್ಲ.

ಲೈಲಾಕ್ ಬಗ್ಗೆ ಹೇಳ್ಬೇಕು ಅಂದ್ರೆ ನಾನು ಸ್ಟಾಕ್‌ಹೋಮಲ್ಲಿದ್ದ ವಿಷಯ ಹೇಳ್ಬೇಕು. 2017ರಿಂದ ಎರಡು ವರ್ಷ ಪ್ರಾಜೆಕ್ಟ್ ಮೇಲೆ ಅಲ್ಲಿದ್ದೆ, ಕಿಸ್ತಾದಲ್ಲಿ ಆಫೀಸು, ಅಲ್ಲಿಯವರು ಶೀಸ್ತಾ ಅಂತಾರೆ, ನಮ್ಮ ಇಂಡಿಯಾ ಐಟಿ ಜನ ಜಾಸ್ತಿ ಇರೋ ಜಾಗ, ಕನ್ನಡ ಕೇಳ್ಸದೇ ಇರೋ ದಿನಾನೇ ಕಮ್ಮಿ. ಅಲ್ಲಿನ ಮೆಟ್ರೋದಲ್ಲಿ ಬ್ಲೂ ಲೈನ್ ಅಂತಿದೆ, ಇಡೀ ಲೈನು ನೆಲದ ಕೆಳಗೆ, ಕಿಸ್ತಾ ಸ್ಟೇಷನ್ ಒಂದೇ ಮೇಲಿರೋದು. ಬೇಸಿಗೇಲಿ ಟ್ರೈನು ಸುರಂಗದಿಂದ ಹೊರಗೆ ಬಂದ ಕೂಡ್ಲೇ ಬೋಗಿ ತುಂಬಾ ಬೆಳಕು. ಡಿಸೆಂಬರಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಗೆ ಬಂದ್ರೂ ಕತ್ತಲೆ, ಸೂರ್ಯ ಹುಟ್ಟೋದೇ ಎಂಟೂಮುಕ್ಕಾಲಿಗೆ, ಮಧ್ಯಾಹ್ನ ಮೂರು ಗಂಟೆಗೆ ಮುಂಚೆ ಮುಳುಗಿ ಆಗಿರತ್ತೆ. ಸುರಂಗದಿಂದ ಹೊರಗೆ ಬಂದಿದ್ದೇ ಗೊತ್ತಾಗಲ್ಲ. ಪ್ರತಿ ಮನೆ ಕಿಟಕೀಲೂ ಕಾಗದದ ನಕ್ಷತ್ರ, ಇಲ್ಲ ಏಳು ದೀಪದ ಒಂದು ಸ್ಟ್ಯಾಂಡು ಇಟ್ಟಿರ್ತಾರೆ, ಹಬ್ಬಕ್ಕೆ ಅಂತ ನಾನು ಅಂದ್ಕೊಂಡಿದ್ದೆ, ಹಬ್ಬಕ್ಕೇ ಹೌದು, ಆದ್ರೆ ಮೊದಲ್ನೇ ಚಳಿಗಾಲದಲ್ಲಿ ಅದು ದಾರೀಲಿ ಹೋಗೋ ನಂಗೋಸ್ಕರ ಇಟ್ಟಿದಾರೆ ಅನ್ಸೋ ಅಷ್ಟು ಬೇಕಾಗಿತ್ತು ಆ ದೀಪ. ದ ಗ್ರೇಟ್ ಕೋಲ್ಡ್ ಡಿಸ್ಟೆನ್ಸ್ ಅನ್ನೋ ಹೆಸ್ರು ನಂಗೆ ಅಲ್ಲಿವರೆಗೂ ಬರೀ ಇವರ ಒಂದು ಆಲ್ಬಂ ಹೆಸರಾಗಿತ್ತು.

ನಮ್ಮ ಅಪಾರ್ಟ್‌ಮೆಂಟಲ್ಲಿ ಬಟ್ಟೆ ಒಗೆಯೋ ರೂಮು ಬೇಸ್‌ಮೆಂಟಲ್ಲಿ, ಎಲ್ಲರಿಗೂ ಸೇರಿ ಒಂದೇ, ಟೈಮ್ ಬುಕ್ ಮಾಡ್ಬೇಕು. ಅದರ ಬಾಗಿಲು ಹಿತ್ತಲ ಕಡೆಗೆ, ಬಾಗಿಲ ಪಕ್ಕ ಲೈಲಾಕ್ ಗಿಡ ಬೇಲಿ ತರ ಬೆಳೆಸಿದ್ರು. ಅವರ ಭಾಷೇಲಿ ಸೀರೆನ್ ಅಂತಾರೆ. ಮೇ ಕೊನೇಲಿ ಹೂ ಬಿಡತ್ತೆ, ತಿಳಿ ನೇರಳೆ ಗೊಂಚಲು, ಒಗೆದ ಬಟ್ಟೆ ಬುಟ್ಟಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ್ರೆ ಘಮ್ ಅಂತ ಹೊಡಿಯತ್ತೆ ಮೂಗಿಗೆ, ರಾತ್ರಿ ಹತ್ತಾಗಿದ್ರೂ ಇನ್ನೂ ಬೆಳಕಿರತ್ತೆ. ಎರಡು ವಾರ ಅಷ್ಟೇ, ಆಮೇಲೆ ಗೊಂಚಲು ಕಂದು ಬಣ್ಣಕ್ಕೆ ತಿರುಗಿ ಗಿಡದಲ್ಲೇ ಒಣಗತ್ತೆ. ಅಲ್ಲಿಯೋರು ಆ ಎರಡು ವಾರಕ್ಕೆ ಆರು ತಿಂಗಳು ಕತ್ತಲಲ್ಲಿ ಕಾದಿರ್ತಾರೆ, ಬಂದಾಗ ಇದು ಹೋಗ್ಬಿಡತ್ತಲ್ಲ ಅಂತ ನೋಡ್ತಾರೆ. ಲೈಲಾಕ್ ಹಾಡು ಹಂಗೇ ಇದೆ. ಶುರು ಮೆತ್ತಗೆ, ಕೋರಸ್ ಬಂದಾಗ ಎದೆ ತುಂಬತ್ತೆ, ತುಂಬಿತು ಅಂತ ಅನ್ಸೋ ಅಷ್ಟರಲ್ಲಿ ವಾಪಸ್ ಎಳ್ಕೊಳ್ಳತ್ತೆ. ಆಲ್ಬಂ ಬಂದ ಜೂನ್ 6 ಸ್ವೀಡನ್ನಿನ ರಾಷ್ಟ್ರೀಯ ದಿನ ಬೇರೆ, ಅಲ್ಲಿ ಸರಿಯಾಗಿ ಆ ಹೂವಿನ ಕಾಲ. ಬೇಕಂತಾನೇ ಇಟ್ರೋ ಹಂಗೇ ಕೂಡಿ ಬಂತೋ, ನಂಗಂತೂ ಮೈ ಜುಮ್ ಅಂತು.

ಒಂಬತ್ತನೇ ಹಾಡು ಎಫ್ಟೆರ್ ಸೂಲೆನ್, ಇದು ಪೂರ್ತಿ ಸ್ವೀಡಿಶಲ್ಲಿದೆ. ಮಿಕ್ಕಿದ್ದೆಲ್ಲ ಇಂಗ್ಲಿಷ್. ಅಲ್ಲಿದ್ದಾಗ ಹೊರಗಿಂದ ಬಂದೋರಿಗೆ ಅಂತ ಸರ್ಕಾರದ ಫ್ರೀ ಕ್ಲಾಸಲ್ಲಿ ಸ್ವಲ್ಪ ಭಾಷೆ ಕಲ್ತಿದ್ದೆ. ಎಫ್ಟೆರ್ ಅಂದ್ರೆ ಆದ್ಮೇಲೆ. ಸೂಲ್ ಅಂದ್ರೆ ಸೂರ್ಯ, ಸೂಲೆನ್ ಅಂದ್ರೆ ಆ ಸೂರ್ಯ, ಗೊತ್ತಿರೋ ಸೂರ್ಯ. ಆ 'ಎನ್' ಪದದ ಬಾಲಕ್ಕೆ ಅಂಟ್ಕೊಳ್ಳತ್ತೆ, ನಮ್ಮ ವಿಭಕ್ತಿ ಪ್ರತ್ಯಯ ಅಂಟ್ಕೊಳ್ಳೋ ಹಾಗೆ, ಅದಕ್ಕೇ ಏನೋ ಕ್ಲಾಸಲ್ಲಿ ನಂಗೆ ಅದು ಬೇಗ ಹತ್ತಿತು. ಸೂರ್ಯ ಹೋದ್ಮೇಲೆ, ಅಷ್ಟೇ ಹೆಸ್ರು. ಗಿಟಾರು ಸುಮಾರು ಹಿಂದೆ ಸರ್ದಿದೆ, ಎಲೆಕ್ಟ್ರಾನಿಕ್ ಸದ್ದು ಮುಂದಿದೆ, ಮೆಟಲ್ ಕೇಳೋಕೆ ಬಂದೋರಿಗೆ ಇದೇನಪ್ಪಾ ಅನ್ನಿಸ್ಬಹುದು. ಆದ್ರೆ ಧ್ವನಿ ಕೇಳಿ. ಇಂಗ್ಲಿಷಲ್ಲಿ ರೆಂಕ್ಸೆ ಪದಗಳನ್ನ ಒಂದೊಂದಾಗಿ ಹುಷಾರಾಗಿ ಇಡ್ತಾರೆ, ಇಲ್ಲಿ ಸ್ವರ ಎಳೀತಾರೆ, ಉಸಿರು ಬಿಡ್ತಾರೆ, ಮನೆಗೆ ಬಂದು ಶೂ ಬಿಚ್ಚಿದ ಹಾಗೆ. ಆಲ್ಬಂ ಬಂದ ರಾತ್ರಿ ಇಲ್ಲಿ ಜೋರು ಮಳೆ, ಕರೆಂಟ್ ಹೋಗಿತ್ತು, ಅರ್ಧ ಪದ ಅರ್ಥ ಆಗ್ದೇ ಇದ್ರೂ ಈ ಒಂದು ಹಾಡನ್ನ ನಾಲ್ಕು ಸಲ ಕೇಳ್ದೆ. ಬೆಂಗಳೂರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮಾತಾಡಿ ಕೆಲಸ ಮಾಡಿ ರಿಟೈರ್ ಆದ ನಮ್ಮ ದೊಡ್ಡಪ್ಪ ಆಸ್ಪತ್ರೇಲಿ ಕೊನೇ ವಾರ ಬರೀ ಊರಿನ ಕನ್ನಡ ಮಾತಾಡಿದ್ರು, ಆಡೋ ಮಾತೂ ಬೇರೆ ಥರ ಕೇಳ್ತಿತ್ತು. ಆ ನೆನಪು ಬಂತು ಅವತ್ತು.

ಅದಕ್ಕೇ ನಿಮ್ಮ ಕೊನೇ ಪ್ರಶ್ನೆ, ದುಃಖದ ಹಾಡು ಯಾಕೆ ಕೇಳ್ಬೇಕು ಅಂತ. ನನ್ನ ಅನುಭವ ಹೇಳ್ತೀನಿ. ಎರಡನೇ ಚಳಿಗಾಲದಲ್ಲಿ ನಂಗೆ ಮನಸ್ಸು ಪೂರ್ತಿ ಕುಗ್ಗಿ ಹೋಗಿತ್ತು, ಫೋನ್ ಮಾಡಿದೋರೆಲ್ಲ ಖುಷಿಯಾಗಿರು, ಹೊರಗೆ ಹೋಗು, ವಿಟಮಿನ್ ಡಿ ತಗೋ ಅಂತ ಹೇಳೋರು, ವಿಟಮಿನ್ ಡಿ ತಗೊಂಡಿದ್ದೂ ಹೌದು, ಅಲ್ಲಿಯ ಡಾಕ್ಟರ್ ಹತ್ರ ಹೋಗಿ ಮಾತಾಡಿದ್ದೂ ಹೌದು, ಅದರಿಂದಾನೇ ಸರಿ ಹೋಗಿದ್ದು, ಹಾಡಿಂದ ಅಂತ ನಾನು ಹೇಳಲ್ಲ. ಆದ್ರೆ ಸಂಜೆ ಟ್ರೈನಲ್ಲಿ ಇವರ ಹಳೇ ಹಾಡು ಹಾಕ್ಕೊಂಡು ಕೂತ್ರೆ, ಖುಷಿಯಾಗಿರು ಅಂತ ಯಾರೂ ಹೇಳದೇ ಇರೋ ನಲವತ್ತು ನಿಮಿಷ ಸಿಗ್ತಿತ್ತು. ಪಕ್ಕದಲ್ಲಿ ಒಬ್ರು ಸುಮ್ನೆ ಬಂದು ಕೂತ ಹಾಗೆ. ನಮಗೂ ಇದು ಹೊಸದಲ್ಲ, ಗೋವಿನ ಹಾಡು ಹೇಳಿ ಮಕ್ಕಳನ್ನ ಮಲಗಿಸಿದೋರು ನಾವು.

ಎಲ್ಲಿಂದ ಶುರು ಮಾಡೋದು ಅಂದ್ರೆ, ಹೊಸ ಆಲ್ಬಮಿಂದ ಬೇಕಾದ್ರೂ ಮಾಡ್ಬಹುದು, ತೊಂದ್ರೆ ಇಲ್ಲ. ನನ್ನ ಕೇಳಿದ್ರೆ ಮೊದಲು ದ ಗ್ರೇಟ್ ಕೋಲ್ಡ್ ಡಿಸ್ಟೆನ್ಸ್, 2006ರದ್ದು, ಅದ್ರಲ್ಲಿ ಮೈ ಟ್ವಿನ್, ಜುಲೈ ಎರಡೂ ಕೇಳಿ. ಆಮೇಲೆ 2001ರ ಲಾಸ್ಟ್ ಫೇರ್ ಡೀಲ್ ಗಾನ್ ಡೌನ್. ಆಮೇಲೆ ಹೊಸದು. ಬ್ರೇವ್ ಮರ್ಡರ್ ಡೇ ಈಗಲೇ ಬೇಡ, ಗ್ರೋಲ್ ಅಭ್ಯಾಸ ಇಲ್ದೆ ಇದ್ರೆ ಬಾಗಿಲಲ್ಲೇ ವಾಪಸ್ ಹೋಗ್ಬಿಡ್ತೀರ, ಒಂದು ವರ್ಷ ಬಿಟ್ಟು ಬನ್ನಿ ಅದಕ್ಕೆ. ಮೊಬೈಲ್ ಸ್ಪೀಕರಲ್ಲಿ ಮಾತ್ರ ಕೇಳ್ಬೇಡಿ, ಸಾಂಡಿನ್ ಬಾಸ್ ಪೂರ್ತಿ ಮಾಯ ಆಗತ್ತೆ, ಇನ್ನೂರು ರೂಪಾಯಿ ಇಯರ್‌ಫೋನ್ ಆದ್ರೂ ಪರವಾಗಿಲ್ಲ. ಮೊದಲ ಸಲ ಏನೂ ಅನ್ನಿಸ್ದೇ ಇದ್ರೆ ಎರಡು ದಿನ ಬಿಟ್ಟು ಇನ್ನೊಂದು ಸಲ ಹಾಕಿ, ಎಫ್ಟೆರ್ ಸೂಲೆನ್ ಬಂದಾಗ ಮೆಟಲ್ ಅಲ್ವಲ್ಲ ಅಂತ ಮುಂದಕ್ಕೆ ಓಡಿಸ್ಬೇಡಿ, ಲೈಟ್ ಆರಿಸಿ ಕೂತು ಕೇಳಿ.