ಪಣಂಬೂರಿನ ಬಂದರಿನಲ್ಲಿ ಇಳಿಸುವ ಕಲ್ಲಿದ್ದಲು ಸಾಗಿಸುವಾಗಲೇ ಪುಡಿಯಾಗುವುದು ಯಾಕೆ?
ಮುಖ್ಯ ಕಾರಣ ಬೀಳುವ ಎತ್ತರ. ಗ್ರ್ಯಾಬ್ (ಕ್ರೇನಿಗೆ ನೇತುಹಾಕಿದ, ಬಾಚಿ ಎತ್ತುವ ದೊಡ್ಡ ಬಕೆಟ್) ಹಡಗಿನಿಂದ ಎತ್ತಿ ಸುರಿಯುವಾಗ, ಒಂದು ಕನ್ವೇಯರ್‌ನಿಂದ ಇನ್ನೊಂದಕ್ಕೆ ಬೀಳುವಾಗ, ವ್ಯಾಗನ್ ತುಂಬುವಾಗ ಪ್ರತಿ ಸಲವೂ ಪೆಟ್ಟು. ಕಲ್ಲಿದ್ದಲಿನೊಳಗೆ ಮೊದಲೇ ಸಣ್ಣ ಬಿರುಕುಗಳಿರುತ್ತವೆ, ಅಲ್ಲೇ ಒಡೆಯುತ್ತದೆ. ಹಾಗಾಗಿ ಮೊದಲ ಕೆಲವು ಪೆಟ್ಟಿಗೇ ಜಾಸ್ತಿ ಪುಡಿ, ಆಮೇಲೆ ಕಡಿಮೆ. ಇಂಡೋನೇಷ್ಯಾದಿಂದ ಬರುವ, ತೇವ ಹೆಚ್ಚಿರುವ ಕಲ್ಲಿದ್ದಲಾದರೆ ಬಿಸಿಲಿಗೆ ಒಣಗಿ ಸುಮ್ನೆ ಬಿದ್ದಲ್ಲೇ ಬಿರಿಯುತ್ತದೆ.

ಎಲ್ಲೂರಿನಂಥ ವಿದ್ಯುತ್ ಸ್ಥಾವರಕ್ಕೆ ಇದು ನಷ್ಟ ಅಲ್ವಾ? ಅಷ್ಟೇನಿಲ್ಲ, ಉರಿಸುವ ಮೊದಲು ಹೇಗೂ ಮಿಲ್‌ನಲ್ಲಿ ನುಣ್ಣಗೆ ಅರೆಯುತ್ತಾರೆ. ತೊಂದರೆ ಬೇರೆ. ಒಣ ಪುಡಿ ಗಾಳಿಗೆ ಹಾರುತ್ತದೆ. ನಮ್ಮ ಮಳೆಗಾಲದಲ್ಲಿ ಒದ್ದೆಯಾದರೆ ಕಲ್ಲಿದ್ದಲು ಜಾರಿ ಇಳಿಯುವ ಕೊಳವೆಗೆ, ಅಂದರೆ ಚ್ಯೂಟ್‌ಗೆ ಅಂಟಿ ದಾರಿ ಕಟ್ಟುತ್ತದೆ. ರಾಶಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಭಯವೂ ಹೆಚ್ಚು. ನೀರು ಸಿಂಪಡಿಸುವುದು ಬೇಕೇ ಬೇಕು, ಆದರೆ ನನ್ನ ಪ್ರಕಾರ ಮೊದಲು ತಗ್ಗಿಸಬೇಕಾದ್ದು ಬೀಳುವ ಎತ್ತರವನ್ನು.