200 ಕಿ.ಮೀ. ಸೈಕಲ್ ಸವಾರಿಗೆ ಯಾವ ಸೀಟು ಹಾಕಿಸಲಿ ಅಂತ ಕೇಳಿದ್ದೀರಿ

ಬೆಂಗಳೂರಿಂದ ನಂದಿಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲೇ ಕೂರೋಕೆ ಆಗಲ್ಲ, ಸೀಟಿಗೆ ಮೆತ್ತನೆ ಜೆಲ್ ಕವರ್ ಹಾಕಿದ ಮೇಲೆ ಜೋಮು ಇನ್ನೂ ಜಾಸ್ತಿ ಆಗಿದೆ, ಮುಂದೆ 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಇದೆ ಅಂತ ಬರೆದಿದ್ದೀರಿ. ಮೊದಲು ಆ ಜೆಲ್ ಕವರ್ ತೆಗೆದುಬಿಡಿ. ಹೊಸ ಸೀಟಿನ ಮಾತು ಆಮೇಲೆ.

ಸೈಕಲ್ ಮೇಲೆ ಕೂತಾಗ ಭಾರ ಬೀಳಬೇಕಾದ್ದು ಕುಂಡಿಯ ಕೆಳಗಿರುವ ಎರಡು ಮೂಳೆಗಳ ಮೇಲೆ. ಅಂಗೈ ಮೇಲೆ ಕೂತರೆ ಕೈಗೆ ಒತ್ತುತ್ತವಲ್ಲ, ಅವೇ. ಸೀಟು ತೀರಾ ಮೆತ್ತಗಿದ್ದರೆ ಅವು ಒಳಗೆ ಹೂತುಹೋಗುತ್ತವೆ, ನಡುವಿನ ಜೆಲ್ ಮೇಲಕ್ಕೆ ಉಬ್ಬಿ ಎರಡು ತೊಡೆಗಳ ಮಧ್ಯದ ಮೆತ್ತನೆ ಜಾಗವನ್ನು ಒತ್ತುತ್ತದೆ, ಅಲ್ಲೇ ನರ ರಕ್ತನಾಳ ಎಲ್ಲ ಹಾದುಹೋಗುವುದರಿಂದ ಜೋಮು ಹಿಡಿಯುತ್ತದೆ. ಪೇಟೆಗೆ ಹೋಗಿ ಬರೋಕೆ ಮೆತ್ತನೆ ಸೀಟು ಹಿತವೇ. ದಿನವಿಡೀ ತುಳಿಯೋಕೆ ಬೇಡ.

ಸೀಟಿನಲ್ಲಿ ನೋಡಬೇಕಾದ್ದು ಅಗಲ, ಅದಕ್ಕೆ ಮನೆಯಲ್ಲೇ ಅಳತೆ ತೆಗೆಯಬಹುದು. ಪಾರ್ಸೆಲ್ ಬಂದ ರಟ್ಟಿನ ಡಬ್ಬದ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳು ಚಡ್ಡಿಯಲ್ಲಿ ಕೂತು, ಹ್ಯಾಂಡಲ್ ಹಿಡಿದ ಹಾಗೆ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಸ್ಟೂಲನ್ನು ಹಿಡಿದು ನಿಮ್ಮನ್ನು ಕೆಳಕ್ಕೆ ಎಳೆದುಕೊಳ್ಳಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ. ಸರಿಯಾಗಿ ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ಗುಳಿ ಇರುವಲ್ಲಿ ಬಣ್ಣ ಹತ್ತುವುದಿಲ್ಲ. ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಸಾಮಾನ್ಯವಾಗಿ 100ರಿಂದ 140 ಮಿ.ಮೀ. ಒಳಗೆ ಬರುತ್ತದೆ. ಅದಕ್ಕೆ 20ರಿಂದ 30 ಮಿ.ಮೀ. ಸೇರಿಸಿ: ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಿಡಿದು ಜಾಸ್ತಿ ಬಾಗುವವರಿಗೆ ಕಡಿಮೆ ಸಾಕು, ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ಲಿನಲ್ಲಿ ನೆಟ್ಟಗೆ ಕೂರುವವರಿಗೆ ಇನ್ನಷ್ಟು ಬೇಕು. ಅಂಗಡಿಯಲ್ಲಿ ಒಂದೇ ಮಾದರಿ 143, 155, 168 ಮಿ.ಮೀ. ಹೀಗೆ ಬೇರೆ ಬೇರೆ ಅಗಲದಲ್ಲಿ ಸಿಗುತ್ತದೆ. ಸಣ್ಣಗಿದ್ದೀರಿ ಅಂತ ಸುಮ್ನೆ ಕಿರಿದಾದ ಸೀಟು ಕೊಟ್ಟುಬಿಡುತ್ತಾರೆ, ಒಪ್ಪಬೇಡಿ. ಸಣಕಲು ಮೈಯವರಿಗೂ ಈ ಮೂಳೆಗಳ ಅಂತರ ಜಾಸ್ತಿ ಇರಬಹುದು. ನಿಮಗೆ ಜೋಮು ಇರುವುದರಿಂದ ನಡುವೆ ಉದ್ದಕ್ಕೂ ಸೀಳು ಬಿಟ್ಟಿರುವ ಸೀಟನ್ನೇ ಮೊದಲು ನೋಡಿ.

ಆದರೆ ದುಡ್ಡು ಬಿಚ್ಚುವ ಮೊದಲು ಈಗಿರುವ ಸೀಟನ್ನು ಸರಿಯಾಗಿ ಕೂರಿಸಿ ನೋಡಿ, ಅರ್ಧಕ್ಕರ್ಧ ಜನರ ನೋವು ಇಲ್ಲೇ ಇಳಿಯುತ್ತದೆ ಅಂತ ನನ್ನ ನಂಬಿಕೆ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ಅದಕ್ಕಿಂತ ಎತ್ತರ ಇದ್ದರೆ ಪ್ರತಿ ತುಳಿತಕ್ಕೂ ಸೊಂಟ ಆಚೀಚೆ ವಾಲುತ್ತದೆ, ತೊಡೆಸಂದು ಉಜ್ಜಿ ಚರ್ಮ ಕಿತ್ತುಬರುತ್ತದೆ. ಹಿಂದೆ ಬರುವ ಗೆಳೆಯನಿಗೆ ನಿಮ್ಮ ಸೊಂಟ ಗಮನಿಸಲು ಹೇಳಿ, ಥಟ್ಟನೆ ಗೊತ್ತಾಗುತ್ತದೆ. ಆಮೇಲೆ ಸೀಟಿನ ಮೇಲೊಂದು ಪುಸ್ತಕ, ಅದರ ಮೇಲೆ ಫೋನ್ ಇಟ್ಟು, ಅದರ ಲೆವೆಲ್ ಆ್ಯಪಿನಲ್ಲಿ ಸೀಟು ಸಮತಲವಾಗಿದೆಯಾ ನೋಡಿ. ಸೀಟಿನ ಮುಂದಿನ ಮೂತಿ ಮೇಲಕ್ಕಿದ್ದರೆ ನಡುವೆ ಒತ್ತುತ್ತದೆ, ತೀರಾ ಕೆಳಗಿದ್ದರೆ ಜಾರಿ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಸೀಟಿನ ಬೋಲ್ಟ್ ಸಡಿಲಿಸುವ ಅಲೆನ್ ಕೀ ಜೊತೆಗೇ ಇರಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೂ ಕೂದಲೆಳೆಯಷ್ಟು.

ಬ್ರೂಕ್ಸ್ ಬಿ17 ಬಗ್ಗೆಯೂ ಕೇಳಿದ್ದೀರಿ. ಒಳ್ಳೆ ಸೀಟು. ದಪ್ಪ ತೊಗಲು, ದಿನ ಕಳೆದಂತೆ ನಿಮ್ಮ ಮೂಳೆಗೆ ತಕ್ಕ ಹಾಗೆ ತಗ್ಗು ಬೀಳುತ್ತದೆ. ಆದರೆ ಅರ್ಧ ಕಿಲೋ ತೂಕ, ಪಳಗೋಕೆ ವಾರಗಟ್ಟಲೆ ಬೇಕು, ಮಳೆಯಲ್ಲಿ ನೆನೆದರೆ ತೊಗಲು ಜೋತುಬೀಳುತ್ತದೆ. ಆಗುಂಬೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಓಡಾಡುವವರಾದರೆ ನಾನಂತೂ ಬೇಡ ಅನ್ನುತ್ತೇನೆ.

ಸೈಕಲ್ ಸವಾರರ ಪ್ಯಾಡ್ ಚಡ್ಡಿ ಒಳಗೆ ಬೇರೆ ಒಳಚಡ್ಡಿ ಹಾಕಬೇಡಿ, ಅದರ ಹೊಲಿಗೆಯೇ ಗಾಯ ಮಾಡುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಸೈಕಲ್ ಇಳಿದು ಎಷ್ಟೋ ಹೊತ್ತಾದರೂ ಜೋಮು ಬಿಡದಿದ್ದರೆ ಸವಾರಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಬ್ರೆವೆಯ ಹಿಂದಿನ ದಿನ ಮಾತ್ರ ಸೀಟು ಬದಲಿಸಬೇಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ ಇರುತ್ತದೆ, ಅಷ್ಟು ಹೊತ್ತು ಹೊಸ ಸೀಟಿನ ಮೇಲೆ ಕೂರುವುದು ಕಷ್ಟ. ರಟ್ಟಿನ ಅಳತೆ ಎಷ್ಟು ಬಂತು, ಹ್ಯಾಂಡಲ್ ಯಾವ ಥರದ್ದು ಅಂತ ಇಲ್ಲೇ ಬರೆಯಿರಿ, ಯಾವ ಅಗಲ ಹುಡುಕಬೇಕು ಅಂತ ಹೇಳುತ್ತೇನೆ.