128 ಬಂದ ದಿನ ಮಾತ್ರೆ ಬಿಡಬಹುದೆ?

ಪುಣೆಯ ಪಿಂಪ್ರಿಯಿಂದ ಬಂದ ಪತ್ರದ ಸಾರ ಇಷ್ಟು: ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿರುವ ತಾಯಿಗೆ ಬಿಪಿ. ಮಗ ಕೊಡಿಸಿದ ಯಂತ್ರ ಒಮ್ಮೆ 158 ತೋರಿಸಿದರೆ ಇನ್ನೊಮ್ಮೆ 128. ಕಡಿಮೆ ಬಂದ ದಿನ ಅವರು ಬಿಪಿ ಮಾತ್ರೆ ಅಮ್ಲೋಡಿಪಿನ್ ನುಂಗುವುದಿಲ್ಲ. ಅಡುಗೆಗೆ ಈಗ ಸೈಂಧವ ಲವಣ. ಇದೆಲ್ಲ ಸರಿಯೇ?

ಉತ್ತರ: ಮಾತ್ರೆ ಬಿಡುವುದು ಸರಿಯಲ್ಲ. ಆ 128 ಮಾತ್ರೆಯದೇ ಕೆಲಸ. ಅಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಹೊರಹೋಗುವ ಔಷಧಿ. ಬಿಟ್ಟ ಮರುದಿನವೂ ಅಂಕಿ ಚೆನ್ನಾಗೇ ಇರುತ್ತದೆ. 'ಬಿಟ್ಟರೂ ಏನೂ ಆಗಲಿಲ್ಲವಲ್ಲ' ಎಂಬ ಧೈರ್ಯ ಬರುವುದು ಅಲ್ಲೇ. ಕೆಲವು ದಿನಕ್ಕೆ ಬಿಪಿ ಮತ್ತೆ ಏರುತ್ತದೆ, ಅದೂ ತಲೆಸುತ್ತು, ನೋವು ಯಾವುದೂ ಇಲ್ಲದೆ, ಸದ್ದಿಲ್ಲದೆ. ಈ ಮಾತ್ರೆಯಿಂದ ಕಾಲು ಬಾತಿದ್ದಕ್ಕೆ ಬಿಟ್ಟಿದ್ದರೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ಅಂಕಿ ಜಿಗಿದಾಡುವುದಕ್ಕೆ ಯಂತ್ರಕ್ಕಿಂತ ಅಳೆಯುವ ರೀತಿ ಕಾರಣವಿರಬಹುದು. ನೆಲದ ಮೇಲೆ ಕೂತು ಕೈಯನ್ನು ತೊಡೆಯ ಮೇಲಿಟ್ಟರೆ ಅಂಕಿ ಏರುತ್ತದೆ. ಯಂತ್ರದ ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೂ ಹಾಗೆಯೇ. ಚಹಾ, ತಂಬಾಕು ಮುಗಿದು ಅರ್ಧ ಗಂಟೆಯಾಗಿರಲಿ, ಮೂತ್ರಕ್ಕೆ ಹೋಗಿ ಬರಲಿ. ಕುರ್ಚಿಯಲ್ಲಿ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿ ಬರಿ ತೋಳಿನ ಮೇಲೆ, ಕೈ ಎದೆಯ ಮಟ್ಟದಲ್ಲಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ 1 ನಿಮಿಷ ಬಿಟ್ಟು. ಹೀಗೆ 7 ದಿನ ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದ ಸರಾಸರಿ 135/85 ದಾಟಿದರೆ ಹೆಚ್ಚು.

ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಣ್ಣಕ್ಕೆ ಮರುಳಾಗಬೇಡಿ. ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಮೂತ್ರಪಿಂಡದ ತೊಂದರೆ ಇದ್ದವರು, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾಲ್ವರ ಮನೆಯಲ್ಲಿ 1 ಕಿಲೋ ಪೊಟ್ಟಣ 50 ದಿನವಾದರೂ ಬರಬೇಕು. ಒಡೆದ ತಾರೀಖನ್ನು ಪೊಟ್ಟಣದ ಮೇಲೆ ಬರೆದಿಡಿ. ಜೋಳದ ರೊಟ್ಟಿಯದು ತಪ್ಪಲ್ಲ, ಅದರ ಜೊತೆಗಿನ ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಹಪ್ಪಳದ್ದು. ರೊಟ್ಟಿಗೆ ಪಲ್ಯ, ಬೇಳೆ ಹೆಚ್ಚಾಗಲಿ.

ಪತ್ರದಲ್ಲಿಲ್ಲದ ಒಂದು ಮಾತು. ಪುಣೆಗೂ ಊರಿಗೂ ಓಡಾಡುವವರು ಇಲ್ಲಿ ಕೊಂಡ ಮಾತ್ರೆಯನ್ನೂ ಅಲ್ಲಿನ ಸರ್ಕಾರಿ ಆಸ್ಪತ್ರೆಯದನ್ನೂ ಒಟ್ಟಿಗೆ ನುಂಗುವುದುಂಟು. ಹೆಸರು ಬೇರೆ, ಒಳಗಿನದು ಒಂದೇ. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು, ಮಿಲಿಗ್ರಾಂ ಹೋಲಿಸಿ ನೋಡಿ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಅದನ್ನೂ ವೈದ್ಯರಿಗೆ ತೋರಿಸಿ.

180/120 ಬಂದರೆ 5 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇಳಿಯದಿದ್ದರೆ ಅಂದೇ ವೈದ್ಯರ ಹತ್ತಿರ ಹೋಗಿ. ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.

— ಸಂ.